ಮಗಳ ಮಾರ್ಕ್ಸ್ ಕಾರ್ಡ್ ಸ್ಟೇಟಸ್‌ಗೆ ಹಾಕಿದ ಅಮ್ಮ

(ಹೆಸರು, ವಯಸ್ಸು, ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಇವರನ್ನು ಸಾವಿತ್ರಿ ಅಂತ ಕರೆಯೋಣ. ಬಳ್ಳಾರಿಯವರು, ನಲವತ್ತರ ಹತ್ತಿರ. ಮನೆಯಲ್ಲೇ ಜೀನ್ಸ್ ಹೊಲಿಯುತ್ತಾರೆ, ಪೀಸಿಗೆ ಇಷ್ಟು ಅಂತ ಕೂಲಿ. ಸಹಾಯ ಕೇಳಿಕೊಂಡು ನನ್ನ ಹತ್ತಿರ ಮೊದಲ ದಿನ ಬಂದಾಗ ಬೆರಳ ತುದಿಯಲ್ಲಿ ಬಟ್ಟೆಯ ನೀಲಿ ಹಾಗೇ ಇತ್ತು. ಫೋನ್ ಸ್ವಿಚ್ ಆಫ್ ಮಾಡಿ, ಕರ್ಚೀಫಿನಲ್ಲಿ ಸುತ್ತಿ, ಚೀಲದ ತಳಕ್ಕೆ ಹಾಕಿಕೊಂಡು ಬಂದಿದ್ದರು. "ಅದನ್ನ ಮುಟ್ಟಿದ್ರೆ ಕೈ ನಡುಗ್ತಾವ್ರಿ ಮೇಡಂ" ಅಂದರು. ಹದಿನೈದು ದಿನದಿಂದ ನಿದ್ದೆ ಇಲ್ಲ, ಊಟ ಸೇರಲ್ಲ.

ನಡೆದದ್ದು ಇಷ್ಟು. ಮಗಳಿಗೆ ಪಿಯುಸಿಯಲ್ಲಿ 600ಕ್ಕೆ 558 ಬಂತು. ತಾವು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು, ಖುಷಿ ತಡೆಯಲಿಲ್ಲ. ಮಾರ್ಕ್ಸ್ ಕಾರ್ಡ್ ಕೈಗೆ ಬಂದ ದಿನವೇ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೂ ಫೇಸ್‌ಬುಕ್‌ಗೂ ಹಾಕಿದರು. ಎರಡು ದಿನ ಬಿಟ್ಟು ಒಂದು ಕರೆ. ಸ್ಕಾಲರ್‌ಶಿಪ್ ಆಫೀಸಿನವರಂತೆ. ಮಗಳ ಹೆಸರು, ಅಪ್ಪನ ಹೆಸರು, ಅಂಕ, ರಿಜಿಸ್ಟರ್ ನಂಬರ್ ಎಲ್ಲವನ್ನೂ ಅವನೇ ಓದಿ ಹೇಳಿದ. ಅರ್ಜಿ ತುಂಬಬೇಕು ಅಂತ ವಾಟ್ಸಾಪ್‌ನಲ್ಲಿ ಒಂದು ಫೈಲ್ ಕಳಿಸಿದ. ಅದು ಅರ್ಜಿ ಅಲ್ಲ, ಎಪಿಕೆ. ಅಂದರೆ ಫೋನಿಗೆ ಇಳಿಯುವ ಆ್ಯಪ್. ಕೇಳಿದ್ದಕ್ಕೆಲ್ಲ 'ಅಲೋ', ಅಂದರೆ ಒಪ್ಪಿಗೆ ಅಂತ ಒತ್ತಿದರೆ ನಮಗೆ ಬರುವ ಓಟಿಪಿ ಮೆಸೇಜ್ ಅವರಿಗೂ ಕಾಣುತ್ತೆ. ಅರ್ಧ ಗಂಟೆಯಲ್ಲಿ ಮೂರು ಸಲ ದುಡ್ಡು ಹೋಯಿತು, ಒಟ್ಟು 23,500. ಮಗಳ ಡಿಗ್ರಿ ಫೀಸಿಗೆ ಅಂತ ಕೂಡಿಟ್ಟಿದ್ದು.

"ಇಷ್ಟೆಲ್ಲಾ ಗೊತ್ತಿದ್ದವರು ಸರ್ಕಾರದವರೇ ಅಲ್ವಾ ಮೇಡಂ?"

ಈ ಒಂದು ಪ್ರಶ್ನೆಯನ್ನು ಮೂರು ಭೇಟಿಯಲ್ಲೂ ಕೇಳಿದರು. ಅವರು ದಡ್ಡರಲ್ಲ. ನಮ್ಮ ಮನೆಯ ವಿಷಯ ಬಲ್ಲವರು ನಮ್ಮವರೇ ಅಂತ ನಂಬುವುದು ನಾವೆಲ್ಲ ಬೆಳೆದ ರೀತಿ. ಊರಲ್ಲಿ ಅಪ್ಪನ ಹೆಸರು ಹೇಳಿದವನನ್ನು ಒಳಗೆ ಕರೆದು ನೀರು ಕೊಡುತ್ತೇವೆ. ಮೋಸಗಾರ ಹಿಡಿದದ್ದು ಆ ನಂಬಿಕೆಯನ್ನೇ.

ಒಂಬತ್ತು ದಿನ ಯಾರಿಗೂ ಹೇಳಿರಲಿಲ್ಲ. ಗೊತ್ತಾದ ಮೇಲೆ ಮಗಳು "ನನ್ನ ಕೇಳದೇ ಯಾಕೆ ಹಾಕ್ದೆ ಅಮ್ಮ" ಅಂದವಳು ಮಾತು ಬಿಟ್ಟಳು. ಲಾರಿ ಓಡಿಸುವ ಗಂಡ ಬಂದು, ಇನ್ನು ತಾಯಿಗೂ ಬೇಡ ಮಗಳಿಗೂ ಬೇಡ ಅಂತ ಇಬ್ಬರ ಫೋನೂ ಕಿತ್ತುಕೊಳ್ಳಲು ಹೊರಟರು. ನನಗೆ ಸಿಟ್ಟು ಬಂದದ್ದು ಇಲ್ಲಿ. ಕಳ್ಳತನ ಆದರೆ ಕಳ್ಳನನ್ನು ಹುಡುಕಬೇಕು, ಮನೆಯವಳನ್ನು ಕೂಡಿಹಾಕಿದರೆ ಏನು ಬಂತು? ಎರಡನೇ ಭೇಟಿಗೆ ಅವರನ್ನೂ ಕರೆಸಿ ಇದನ್ನೇ ಹೇಳಿದೆ. ಅವರೇನೂ ಕೆಟ್ಟವರಲ್ಲ, ಹೆದರಿದ್ದರು.

ಮೊದಲು ಮಾಡಿಸಿದ್ದು ದೂರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದಾಖಲೆ, ಬ್ಯಾಂಕಿಗೆ ಬರಹದಲ್ಲಿ ತಿಳಿಸುವುದು. ದುಡ್ಡು ಹೋದ ಗಂಟೆಯಲ್ಲೇ 1930ಕ್ಕೆ ಹೇಳಿದ್ದರೆ ಅದು ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಯುವ ಅವಕಾಶ ಜಾಸ್ತಿ ಇರುತ್ತಿತ್ತು. ಆ ಒಂಬತ್ತು ದಿನ ತಿಂದದ್ದು ನಾಚಿಕೆ. ದುಡ್ಡು ಇನ್ನೂ ಬಂದಿಲ್ಲ. ಬಂದೇ ಬರುತ್ತೆ ಅಂತ ನಾನೂ ಹೇಳಿಲ್ಲ. ಆ ಆ್ಯಪ್ ಇದ್ದ ಫೋನಿನಲ್ಲಿ ಯಾವ ಪಾಸ್‌ವರ್ಡೂ ಬದಲಿಸಬೇಡಿ ಅಂದೆ. ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿದರು. ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಫೋನನ್ನು ಪೂರ್ತಿ ರೀಸೆಟ್ ಮಾಡಿಸಿದರು. ವಾಟ್ಸಾಪ್‌ಗೆ ಬೇರೆ ಫೋನಿನಲ್ಲಿ ತೆರೆಯಲು ಹೋದರೆ ಕೇಳುವ ಆರಂಕಿಯ ಟು-ಸ್ಟೆಪ್ ಪಿನ್ ಹಾಕಿಸಿದೆವು.

ಮೂರನೇ ಭೇಟಿಗೆ ಮಗಳೂ ಬಂದಳು. ಒಂದು ಬಿಳಿ ಹಾಳೆ ಕೊಟ್ಟೆ. "ಅಕ್ಕಾ, ನೀವು ಸಾವಿತ್ರಿ ಅಲ್ಲ, ಯಾರೋ ಗುರುತಿಲ್ಲದವರು ಅಂದ್ಕೊಳ್ಳಿ. ಈ ಫೇಸ್‌ಬುಕ್ ನೋಡಿ ಏನೇನು ಗೊತ್ತಾಗುತ್ತೆ, ಬರೀರಿ." ಮಗಳು ನನ್ನ ಫೋನಿನಲ್ಲಿ ತೋರಿಸುತ್ತಾ ಹೋದಳು, ಅಮ್ಮ ಬರೆದರು. ಬ್ಲೌಸ್ ಹೊಲಿದು ಕೊಡುತ್ತೇನೆ ಅಂತ ಹಿಂದೆ ಹಾಕಿದ ಪೋಸ್ಟಿನಲ್ಲಿ ಮೊಬೈಲ್ ನಂಬರ್. ಕೇಕಿನ ಮೇಲೆ ಮಗಳ ಹುಟ್ಟಿದ ದಿನ. ಹೊಸ ಸ್ಕೂಟಿಗೆ ಪೂಜೆ ಮಾಡಿದ ಫೋಟೋದಲ್ಲಿ ನಂಬರ್ ಪ್ಲೇಟ್, ಹಿಂದೆ ಮನೆ ಬಾಗಿಲು. ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ "ಮನೆಮಂದಿ ಎಲ್ಲ ಬಂದೀವಿ", ಅಂದರೆ ಮನೆ ಖಾಲಿ. ಕಾಲು ಗಂಟೆಗೆ ಹಾಳೆ ತುಂಬಿತು. ಸಾವಿತ್ರಿಯವರು ಪೆನ್ನು ಕೆಳಗಿಟ್ಟು, "ಅವನಿಗೆ ಹೇಳಿದ್ದು ನಾನೇ" ಅಂತ ಮೆಲ್ಲಗೆ ಅಂದರು. ನಾನು ಒಪ್ಪಲಿಲ್ಲ. ನೀವು ನಿಮ್ಮವರಿಗೆ ಹೇಳಿದ್ದಿರಿ, ಅವನು ಕದ್ದು ಕೇಳಿದ. ಒಂದೊಂದು ತುಣುಕಿನಿಂದ ಅಷ್ಟೇನೂ ಆಗಲ್ಲ, ಕೂಡಿಸಿ ಹೊಲಿದಾಗಲೇ ಅದು ಅಂಗಿ ಆಗೋದು. ಹೊಲಿಗೆಯ ಮಾತು ಅವರಿಗೆ ತಟ್ಟನೆ ಹಿಡಿಸಿತು.

ಆಮೇಲಿನ ಸಲಹೆ ಕಷ್ಟದ್ದಲ್ಲ. ಫೇಸ್‌ಬುಕ್ ಪ್ರೊಫೈಲ್ ಲಾಕ್ ಮಾಡಿ, ಗುರುತಿಲ್ಲದವರಿಗೆ ಪೋಸ್ಟ್ ಕಾಣದ ಹಾಗೆ. ಹಳೆಯ ಪೋಸ್ಟುಗಳಿಂದ ನಂಬರ್ ಅಳಿಸಿ. ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಬುಕ್ ಯಾವುದೂ ಸ್ಟೇಟಸ್‌ಗೆ ಬೇಡ. ಆಧಾರ್ ಯಾರಿಗಾದರೂ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ. ಜಾತ್ರೆ ಫೋಟೋ ಮನೆಗೆ ಬಂದ ಮೇಲೆ ಹಾಕಿ. ರಾತ್ರಿ ತೀರಾ ಭಯ ಆದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

"ಮಕ್ಕಳ ಫೋಟೋ ಹಾಕೋಕೂ ಅವರನ್ನ ಕೇಳಬೇಕೇನ್ರಿ?" ಅಂತ ಗಂಡ ಕೇಳಿದ್ದರು. ಕೇಳಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ ಎಂಬತ್ತು ದಾಟಿತ್ತು. ಆ ಹಕ್ಕು ಮಗಳಿಗೂ ಇದೆ ಅಂದೆ. ಮನೆಯಲ್ಲಿ ಈ ಮಾತು ಬಂದಾಗ ಹುಡುಗಿ ಮೊದಲ ಸಲ ತಲೆಯೆತ್ತಿ ಅಪ್ಪನನ್ನು ನೋಡಿದಳು ಅಂತ ಸಾವಿತ್ರಿ ಆಮೇಲೆ ನೆನೆಸಿಕೊಂಡರು.

ನಾಲ್ಕನೇ ಸಲ ಬಂದಾಗ ಫೋನ್ ಕರ್ಚೀಫಿನಲ್ಲಿ ಇರಲಿಲ್ಲ, ಕೈಯಲ್ಲಿತ್ತು. ಕಾಲೇಜಿನ ಮೊದಲ ದಿನ ಮಗಳು ಬಾಗಿಲಲ್ಲಿ ನಿಂತ ಫೋಟೋ ತೋರಿಸಿದರು. ಸ್ಟೇಟಸ್ ಕಾಣುವವರ ಪಟ್ಟಿಯನ್ನು ಮಗಳೇ ಕೂತು ಮಾಡಿಕೊಟ್ಟಿದ್ದಳು, ಹನ್ನೊಂದು ಜನ, ಎಲ್ಲ ಅಕ್ಕತಂಗಿಯರು, ಅತ್ತಿಗೆಯಂದಿರು. "ಕೇಳಿಯೇ ಹಾಕೀನ್ರಿ ಮೇಡಂ" ಅಂದರು.