ಮೊದಲು ಓದುಗರು, ಆಮೇಲೆ ಪ್ರಿಂಟು

ಮೇಡಂ, ನಿಮ್ಮ ಪೋಸ್ಟ್ ನಿನ್ನೆ ರಾತ್ರಿ ಓದಿದೆ. 2140ರ ಶರಾವತಿ ಕಣಿವೆಯಲ್ಲಿ ನಡೆಯುವ ನಿಮ್ಮ ಸೈನ್ಸ್ ಫಿಕ್ಷನ್ ಕಾದಂಬರಿ 38 ಸಾವಿರ ಪದಕ್ಕೆ ಬಂದು 14ನೇ ಅಧ್ಯಾಯದಲ್ಲಿ ನಿಂತಿದೆ, ಪ್ರಕಾಶಕರು ಸಿಕ್ಕಿಲ್ಲ, ಸ್ವಂತ ದುಡ್ಡಲ್ಲಿ 1000 ಪ್ರತಿ ಹಾಕಿಸಲಾ, ಪ್ರಚಾರ ಯಾವಾಗ ಶುರು ಮಾಡಲಿ ಅಂತ ಕೇಳಿದ್ದೀರಿ. 'ಮೊದಲು ಬರೆದು ಮುಗಿಸಿ, ಪ್ರಚಾರ ಆಮೇಲೆ' ಎಂದು ಇಲ್ಲಿ ಹಲವರು ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಪೆಟ್ಟು ತಿಂದು ಹೇಳುತ್ತಿದ್ದೇನೆ.

ನನ್ನ ಮೊದಲ ಪುಸ್ತಕ ಎರಡು ವರ್ಷ ಯಾರಿಗೂ ತೋರಿಸದೆ ಬರೆದೆ. 500 ಪ್ರತಿ ಹಾಕಿಸಿದೆ. ಬಿಡುಗಡೆಯ ದಿನ ನೆಂಟರು, ಆಫೀಸಿನವರು ಸೇರಿ 60 ಪ್ರತಿ ಹೋದವು. ಅದರಲ್ಲಿ ಅರ್ಧ ಗೌರವ ಪ್ರತಿ! 270 ಪ್ರತಿ ಇವತ್ತಿಗೂ ಮಂಚದ ಕೆಳಗಿವೆ. ಕಸ ಗುಡಿಸುವಾಗಲೆಲ್ಲ ಮನೆಯಾಕೆ ಅದನ್ನು ನೆನಪಿಸುತ್ತಾಳೆ.

ಎರಡನೆಯದಕ್ಕೆ ಆಂಡಿ ವೀರ್ ದಾರಿ ಹಿಡಿದೆ. ಮಂಗಳ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವನ ಕಾದಂಬರಿ 'ದಿ ಮಾರ್ಷಿಯನ್' ಬರೆದವರು. ಸಿನಿಮಾ ಎಲ್ಲರಿಗೂ ಗೊತ್ತು, ಪುಸ್ತಕ ಬಂದ ರೀತಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅವರು ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದವರು. ಹಿಂದಿನ ಬರಹವನ್ನು ಪ್ರಕಾಶಕರ ಹತ್ತಿರ ಒಯ್ಯುವ ಏಜೆಂಟ್ ಸಿಕ್ಕಿರಲಿಲ್ಲ. ಹಾಗಾಗಿ 2009ರಿಂದ ಈ ಕಥೆಯನ್ನು ಒಂದೊಂದೇ ಅಧ್ಯಾಯವಾಗಿ ತಮ್ಮ ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕಿದರು. ಓದುವವರಲ್ಲಿ ರಸಾಯನಶಾಸ್ತ್ರ ಬಲ್ಲವರೂ ಇದ್ದರು. ಲೆಕ್ಕ ತಪ್ಪಿದ ಕಡೆ ಪತ್ರ ಬರೆದರು, ಇವರು ತಿದ್ದಿದರು. ಆಮೇಲೆ ಓದುಗರೇ 'ಕಿಂಡಲ್‌ನಲ್ಲಿ (ಅಮೆಜಾನ್‌ನ ಇ-ಬುಕ್ ಅಂಗಡಿ) ಹಾಕಿ' ಎಂದು ಕೇಳಿದರು. ಅಲ್ಲಿ ಪುಕ್ಕಟೆ ಇಡಲು ಬಿಡಲಿಲ್ಲ, ಅದಕ್ಕೇ ಇದ್ದುದರಲ್ಲಿ ಕಡಿಮೆ ಬೆಲೆ, 99 ಸೆಂಟ್ ಇಟ್ಟರು. ಮೂರು ತಿಂಗಳಲ್ಲಿ 35 ಸಾವಿರ ಪ್ರತಿ ಹೋಯಿತು. ದೊಡ್ಡ ಪ್ರಕಾಶಕರ ಅಚ್ಚಿನ ಪುಸ್ತಕ ಬಂದದ್ದು ಅದಾದ ಮೇಲೆ, 2014ರಲ್ಲಿ.

35 ಸಾವಿರ ನಮಗೆ ಕನಸಿನ ಮಾತು ಬಿಡಿ. ಕಿಂಡಲ್‌ನ ಬಾಗಿಲೂ ನಮಗೆ ಅಷ್ಟು ಸಲೀಸಾಗಿ ತೆರೆಯಲಿಲ್ಲ. 2016ರಲ್ಲಿ ಅಮೆಜಾನ್‌ನವರು ಅದಕ್ಕೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿಸಿದಾಗ ಕನ್ನಡ ಹೊರಗೇ ಉಳಿಯಿತು. ನಮಗೆ ಪ್ರತಿಲಿಪಿ, ಮೈಲ್ಯಾಂಗ್ ಥರದ ಓದುವ ಆ್ಯಪ್‌ಗಳೇ ಗತಿ. ಆದರೆ ವೀರ್ ಮಾಡಿದ ಕೆಲಸದ ಮೊದಲರ್ಧಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಅಲ್ವಾ? ನಾನು ವಾಟ್ಸಾಪ್‌ನಲ್ಲಿ 40 ಜನರ ಗುಂಪು ಮಾಡಿ ಭಾನುವಾರಕ್ಕೊಂದು ಅಧ್ಯಾಯ ಕಳಿಸಿದೆ. ಕೊನೆಗೆ 300 ಜನ ಆದರು. ಆ ಪುಸ್ತಕ ಅಚ್ಚಾಗುವ ಮೊದಲೇ ಪ್ರತಿಗೆ ಮುಂಗಡ ಕೊಟ್ಟವರಲ್ಲಿ ಹೆಚ್ಚಿನವರು ಇವರೇ.

ನಿಮ್ಮ ಕೈಯಲ್ಲಿ ಮುಗಿದ 13 ಅಧ್ಯಾಯ ಇವೆ. ವಾರಕ್ಕೊಂದು ಹಾಕಿದರೆ ಮೂರು ತಿಂಗಳು ಸಿಗುತ್ತದೆ. ಅಷ್ಟರಲ್ಲಿ 14ನೆಯದು ತಾನಾಗಿ ಬರುತ್ತದೆ, ಯಾಕೆಂದರೆ ಭಾನುವಾರ ಬಂದೇ ಬರುತ್ತದೆ. ಆದರೆ ಕೈಯಲ್ಲಿ ನಾಲ್ಕು ಅಧ್ಯಾಯಕ್ಕಿಂತ ಕಡಿಮೆ ಉಳಿಸಿಕೊಳ್ಳಬೇಡಿ. ನೀವು ಟೀಚರ್, ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವ ಹೊತ್ತಿಗೆ ಒಂದು ಸಾಲೂ ಬರೆಯಲಾರಿರಿ. ಇನ್ನೊಂದು, ಓದುಗರು 'ಅವಳನ್ನು ಸಾಯಿಸಬೇಡಿ' ಎಂದು ಗೋಗರೆಯುತ್ತಾರೆ. ಕಥೆಯ ವಿಷಯದಲ್ಲಿ ಅವರ ಮಾತು ಕೇಳಬೇಡಿ, ವಿಜ್ಞಾನದ ವಿಷಯದಲ್ಲಿ ಕೇಳಿ. ನೀವು ಇಲ್ಲಿ ಹಾಕಿದ ತುಣುಕಿನಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು 1830 ಅಡಿಗೆ ಬಂದರೂ ಗೇಟು ಮುಚ್ಚಿಯೇ ಇದೆ. ಪೂರ್ಣ ಮಟ್ಟವೇ 1819 ಅಡಿ. 2140ರಲ್ಲಿ ಅಣೆಕಟ್ಟು ಎತ್ತರಿಸಿದ್ದಾರೆ ಅಂತಿದ್ದರೆ ಒಂದು ಸಾಲಿನಲ್ಲಿ ಹೇಳಿಬಿಡಿ. ಅಲ್ಲಿನ ಸಾಗರ ತಾಲ್ಲೂಕಿನ ಕಡೆಯವರು ಒಬ್ಬರು ಓದಿದರೂ ಸಾಕು, ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಈಗ ಪ್ರಿಂಟಿನ ವಿಷಯ. 1000 ಬೇಡವೇ ಬೇಡ. ಆಫ್‌ಸೆಟ್‌ನಲ್ಲಿ (ಪ್ಲೇಟ್ ಮಾಡಿ ಅಚ್ಚು ಹಾಕುವ ರೀತಿ) ಪ್ಲೇಟಿನ ಖರ್ಚು ಎಷ್ಟು ಪ್ರತಿ ಹಾಕಿಸಿದರೂ ಒಂದೇ. ಅದಕ್ಕೇ ಜಾಸ್ತಿ ಹಾಕಿಸಿದಷ್ಟೂ ಒಂದೊಂದರ ಖರ್ಚು ಇಳಿಯುತ್ತದೆ. ನಾವು ಬೀಳುವುದು ಆ ಆಸೆಗೇ. ಮುಂಗಡ ಎಷ್ಟು ಪ್ರತಿಗೆ ಬಂತೋ ಅದರ ಮೇಲೆ 50 ಪ್ರತಿ ಸೇರಿಸಿ, ಪ್ಲೇಟ್ ಬೇಕಿಲ್ಲದ ಡಿಜಿಟಲ್‌ನಲ್ಲಿ ಹಾಕಿಸಿ. ಖಾಲಿಯಾದರೆ ಮತ್ತೆ ಹಾಕಿಸಿದರಾಯಿತು. ಡೆಮಿ 1/8 ಸೈಜಿನಲ್ಲಿ (ಸಾಮಾನ್ಯ ಕಾದಂಬರಿಯ ಅಳತೆ) ನನಗೆ ಪುಟಕ್ಕೆ ಸುಮಾರು 220 ಪದ ಕೂತವು. ನಿಮ್ಮದು 50 ಸಾವಿರಕ್ಕೆ ಮುಗಿದರೆ, ಮುನ್ನುಡಿ ಗಿನ್ನುಡಿ ಸೇರಿ 240 ಪುಟ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟದ ಕಂತೆಗೆ ಒಂದು ಫಾರಂ ಎಂಬ ಲೆಕ್ಕದಲ್ಲಿ 15 ಫಾರಂ.

ನೀವು ಯೂನಿಕೋಡ್‌ನಲ್ಲಿ (ಮೊಬೈಲು, ಇಂಟರ್ನೆಟ್ ಎಲ್ಲ ಕಡೆ ನಡೆಯುವ ಅಕ್ಷರ ವ್ಯವಸ್ಥೆ) ಟೈಪ್ ಮಾಡಿದ್ದರೆ ಡಿಟಿಪಿಯವರನ್ನು ಮೊದಲೇ ಕೇಳಿ, ಪೇಜ್ ಕಟ್ಟುವುದು ಯೂನಿಕೋಡ್‌ನಲ್ಲೋ ಹಳೇ ನುಡಿ ಫಾಂಟಿನಲ್ಲೋ ಎಂದು. ನನ್ನದನ್ನು ಯೂನಿಕೋಡ್‌ನಿಂದ ನುಡಿಗೆ ಪರಿವರ್ತಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು. ಮೂರು ಕರಡು ನೋಡಿದರೂ ಒಂಬತ್ತು ಕಡೆ ಉಳಿದೇ ಹೋಯಿತು. ಪರಿವರ್ತನೆಯಾದ ಮೇಲಿನ ಕರಡನ್ನೇ ಕಾಗದದಲ್ಲಿ ತೆಗೆಸಿ ಓದಿ. ಮೊಬೈಲಿನಲ್ಲಿ ನೋಡಿದರೆ ಕಣ್ಣಿಗೆ ಬೀಳುವುದಿಲ್ಲ.

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ನಂಬರು) ಯಾರಿಗೂ ದುಡ್ಡು ಕೊಡಬೇಡಿ. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಪುಕ್ಕಟೆ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ನನ್ನ ಹತ್ತಿರ ಒಬ್ಬರು ಇದಕ್ಕೂ ದುಡ್ಡು ಕಿತ್ತಿದ್ದರು. ಬೆಲೆ ಇಡುವಾಗ ಅಂಚೆ ಖರ್ಚು ಮರೆಯಬೇಡಿ. ಪುಸ್ತಕ ಕಳಿಸಲು ಅಗ್ಗವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಅಂಗಡಿಯವರ ಕಮಿಷನ್ನು ಬೇರೆ.

ಮುಂದೆ ಪ್ರಕಾಶಕರು ತಾವಾಗಿ ಬಂದರೆ ಖುಷಿಯಲ್ಲಿ ಎಲ್ಲಾ ಹಕ್ಕು ಬರೆದುಕೊಡಬೇಡಿ. ಅಮೆರಿಕದ ಲೇಖಕ ಹ್ಯೂ ಹೋವಿ 2012ರಲ್ಲಿ ದೊಡ್ಡ ಪ್ರಕಾಶಕರಾದ ಸೈಮನ್ ಅಂಡ್ ಶುಸ್ಟರ್‌ಗೆ ಅಚ್ಚಿನ ಹಕ್ಕು ಮಾತ್ರ ಕೊಟ್ಟು ಇ-ಬುಕ್ ತಮ್ಮ ಹತ್ತಿರವೇ ಇಟ್ಟುಕೊಂಡರು. ನಾವು ಆಡಿಯೋ ಹಕ್ಕನ್ನಾದರೂ ಉಳಿಸಿಕೊಳ್ಳಬಹುದು.

ಮೊದಲ ಅಧ್ಯಾಯ ಹಾಕಿದ ದಿನ ಇಲ್ಲೇ ತಿಳಿಸಿ. ಕೆಪಿಸಿಯಲ್ಲಿ (ಕರ್ನಾಟಕ ವಿದ್ಯುತ್ ನಿಗಮ) ಎಂಜಿನಿಯರ್ ಆಗಿದ್ದ ನಮ್ಮ ಚಿಕ್ಕಪ್ಪನಿಗೂ ಕಳಿಸುತ್ತೇನೆ. ರಿಟೈರ್ ಆಗಿ ಸುಮ್ನೆ ಕೂತಿದ್ದಾರೆ. ಡ್ಯಾಂ ವಿಷಯದಲ್ಲಿ ಅವರು ದೇವರನ್ನೂ ಬಿಡುವವರಲ್ಲ.