ಗ್ರಾಫ್ ಕುಣಿದರೆ ಕೋಶದ ಮೇಲೆ ಗೂಬೆ ಕೂರಿಸಬೇಡಿ

ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನ ಸಮಯಕ್ಕೊಂದರಂತೆ ತೆಗೆದ 240 ಟಿಫ್ ಫೈಲು, 2048×2048, 12-ಬಿಟ್ ಕ್ಯಾಮೆರಾ (ಬೆಲೆ 0–4095), ಚಿತ್ರ ಅಳೆಯೋ ತಂತ್ರಾಂಶ ಫಿಜಿಯಲ್ಲಿ ಮ್ಯಾಕ್ರೋ (ಬರೆದಿಟ್ಟ ಆಜ್ಞೆ) ಹಾಕಿ ಇಮೇಜ್ ಸೀಕ್ವೆನ್ಸ್ ಇಂಪೋರ್ಟ್, ಅಂದರೆ ಎಲ್ಲ ಫೈಲನ್ನೂ ಸಾಲಾಗಿ ಒಂದೇ ಸ್ಟ್ಯಾಕ್ ಮಾಡಿ ತೆರೆಯೋದು. ಇಂಟೆನ್ಸಿಟಿ ಗ್ರಾಫ್ ಗರಗಸದ ಹಲ್ಲಿನ ಹಾಗೆ ಬರ್ತಿದೆ, ಹಿನ್ನೆಲೆ ಮಿಣುಕ್ತಿದೆ ಅಂತ ಬರೆದಿದ್ದೀರಿ. ಮೇಲಿನ ಉತ್ತರದಲ್ಲಿ ಯಾರೋ ಬ್ಲೀಚ್ ಕರೆಕ್ಷನ್ (ಬೆಳಕಿಗೆ ಹೊಳಪು ಮಾಸಿದ್ದನ್ನ ಲೆಕ್ಕದಲ್ಲಿ ಸರಿದೂಗಿಸೋದು) ಹಾಕಿ ಅಂದಿದ್ದಾರೆ. ದಯವಿಟ್ಟು ಹಾಕಬೇಡಿ, ಗಾಯದ ಮೇಲೆ ಬಣ್ಣ ಬಳಿದ ಹಾಗಾಗುತ್ತೆ. ನಿಮ್ಮ ಮ್ಯಾಕ್ರೋ ಸಾಲು ನೋಡಿದೆ: ಟೈಪ್ 8-ಬಿಟ್ ಅಂತಿದೆ, ಸಾರ್ಟ್ (ಫೈಲುಗಳನ್ನ ಅಂಕಿ ಕ್ರಮದಲ್ಲಿ ಜೋಡಿಸೋ ಆಯ್ಕೆ) ಇಲ್ಲವೇ ಇಲ್ಲ. ಇದೇ ಎರಡು ತಪ್ಪು ನಾನೂ ಮಾಡಿದ್ದೆ, ಅದಕ್ಕೇ ಉದ್ದ ಬರೀತಿದ್ದೀನಿ.

ಮಿಣುಕೋದಕ್ಕೆ ಕಾರಣ ಆ 8-ಬಿಟ್. ಇಂಪೋರ್ಟ್ ಆಗುವಾಗಲೇ ಟೈಪ್ ಬದಲಿಸಿದರೆ ಪ್ರತಿ ಫೈಲನ್ನೂ ಅದರದ್ದೇ ಕನಿಷ್ಠ-ಗರಿಷ್ಠಕ್ಕೆ ಹಿಗ್ಗಿಸಿ 0–255ಕ್ಕೆ ಇಳಿಸುತ್ತೆ. ಉದಾಹರಣೆಗೆ ಕನಿಷ್ಠ 0 ಅಂತಲೇ ಇಟ್ಟುಕೊಳ್ಳಿ. ಒಂದು ಫ್ರೇಮಿನಲ್ಲಿ ಧೂಳಿನ ಕಣ ಹೊಳೆದು ಗರಿಷ್ಠ 3900 ಆಯ್ತು, ಮುಂದಿನದರಲ್ಲಿ ಗರಿಷ್ಠ 1200. ಎರಡರಲ್ಲೂ ಹಿನ್ನೆಲೆ 300 ಇದ್ದರೂ ಮೊದಲನೆಯದರಲ್ಲಿ ಅದು ಸುಮಾರು 20, ಎರಡನೆಯದರಲ್ಲಿ 64 ಆಗಿ ಕೂರುತ್ತೆ. ಕೋಶದಲ್ಲಿ ಏನೂ ಆಗಿಲ್ಲ, ಅಳತೆಗೋಲೇ ಫ್ರೇಮಿಂದ ಫ್ರೇಮಿಗೆ ಬದಲಾಗಿದೆ. ಹೀಗೆ ಕಳೆದುಹೋದ ಅಂಕಿ ಆಮೇಲೆ ಯಾವ ಪ್ಲಗಿನ್ ಹಾಕಿದರೂ ವಾಪಸ್ ಬರಲ್ಲ, ಮೂಲ ಫೈಲಿಂದ ಮತ್ತೆ ಇಂಪೋರ್ಟ್ ಮಾಡೋದೊಂದೇ ದಾರಿ.

ರ‍್ಯಾಮ್ ಉಳಿಸಬೇಕು ಅಂತ ಹೀಗೆ ಮಾಡಿದ್ದೀರಿ ಅನ್ಸುತ್ತೆ. ಲೆಕ್ಕ ಹಾಕಿ: ಈ ಅಳತೆಯ 16-ಬಿಟ್ ಫ್ರೇಮ್ ಒಂದಕ್ಕೆ 8 ಎಂಬಿ, 240ಕ್ಕೆ 1.9 ಜಿಬಿ. 8 ಜಿಬಿ ಯಂತ್ರದಲ್ಲೂ ಆರಾಮಾಗಿ ಹಿಡಿಸುತ್ತೆ. ಎಡಿಟ್, ಆಪ್ಷನ್ಸ್, ಮೆಮೊರಿ ಅಂಡ್ ಥ್ರೆಡ್ಸ್‌ನಲ್ಲಿ ಮಿತಿ ಏರಿಸಿ. ಒಟ್ಟು ರ‍್ಯಾಮಿನ ಮುಕ್ಕಾಲು ಭಾಗಕ್ಕಿಂತ ಮೇಲೆ ಹೋಗಬೇಡಿ, ಒಮ್ಮೆ ಮುಚ್ಚಿ ತೆರೆಯಿರಿ. ವಿಡಿಯೋ ಮಾಡೋಕೆ 8-ಬಿಟ್ ಬೇಕೇಬೇಕು ಅಂದರೆ 16-ಬಿಟ್ ಸ್ಟ್ಯಾಕ್ ತೆರೆದು, ಬ್ರೈಟ್‌ನೆಸ್-ಕಾಂಟ್ರಾಸ್ಟ್‌ನಲ್ಲಿ ಸೆಟ್ ಒತ್ತಿ 0–4095 ಕೊಟ್ಟು, ಆಮೇಲೆ ಇಮೇಜ್ ಮೆನುವಿನ ಟೈಪ್‌ನಿಂದ ಇಳಿಸಿ. ಆಗ ಇಡೀ ಸ್ಟ್ಯಾಕಿಗೆ ಒಂದೇ ಅಳತೆಗೋಲು. ಅಪ್ಲೈ ಮಾತ್ರ ಮುಟ್ಟಬೇಡಿ, ಅದು ಪಿಕ್ಸೆಲ್ ಬೆಲೆಯನ್ನೇ ತಿದ್ದುತ್ತೆ. ಎನ್‌ಹಾನ್ಸ್ ಕಾಂಟ್ರಾಸ್ಟ್‌ನ ನಾರ್ಮಲೈಸ್ ಟಿಕ್ಕೂ ಅದೇ ಜಾತಿ.

ಈಗ ಗರಗಸದ ಹಲ್ಲು. ನಿಮ್ಮ ಫೈಲುಗಳು img_1ರ ಥರ, ಮುಂದೆ ಸೊನ್ನೆ ಇಲ್ಲದ ಹೆಸರು. ಅಕ್ಷರ ಕ್ರಮದಲ್ಲಿ 1 ಆದಮೇಲೆ 10, ಅದಾದಮೇಲೆ 100, 101, ಹೀಗೆ 109ರ ತನಕ ಹೋಗಿ ಆಮೇಲೆ 11, 110 ಬರುತ್ತೆ. 2 ಬರೋಕೆ ನೂರಕ್ಕೂ ಹೆಚ್ಚು ಫ್ರೇಮ್ ಕಾಯಬೇಕು. ವಿಂಡೋಸ್ ಫೋಲ್ಡರ್ ತೆರೆದರೆ 1, 2, 3 ಅಂತ ಸರಿಯಾಗೇ ಕಾಣೋದರಿಂದ ಎಲ್ಲರೂ ಮೋಸ ಹೋಗ್ತಾರೆ. ಡೈಲಾಗ್ ಮೂಲಕ ಮಾಡಿದರೆ ಸಾರ್ಟ್ ನೇಮ್ಸ್ ನ್ಯೂಮರಿಕಲಿ ಟಿಕ್ ಇರುತ್ತೆ. ಹಳೆ ಮ್ಯಾಕ್ರೋ ಸಾಲಿನಲ್ಲಿ ಸಾರ್ಟ್ ಅನ್ನೋ ಪದ ಬಿಟ್ಟರೆ ಟಿಕ್ ತೆಗೆದ ಹಾಗೇ. ಫೈಲ್ ಪಟ್ಟಿ ಮಾಡೋಕೆ ಪೈಥಾನಿನ ಗ್ಲಾಬ್ ಬಳಸೋರೂ ಹುಷಾರು, ಬರೀ ಸಾರ್ಟೆಡ್ ಅಂದರೆ ಅಲ್ಲೂ ಇದೇ ಕಥೆ.

ನಾನು ಆ ಟಿಕ್ಕನ್ನೇ ನಂಬಿ ಕೂರಲ್ಲ. ಹೆಸರಲ್ಲಿ ಸಮಯಕ್ಕೊಂದು, ಝಡ್‌ಗೊಂದು (ಆಳಕ್ಕೆ) ಅಂತ ಎರಡು ಮೂರು ಅಂಕಿ ಇದ್ದರೆ ಅಂತೂ ಅದರ ಮೇಲೆ ಭಾರ ಹಾಕಬೇಡಿ. ಫೈಲುಗಳ ನಕಲು ಮಾಡಿಕೊಂಡು ಎಲ್ಲ ಅಂಕಿಯನ್ನೂ ನಾಲ್ಕು ಸ್ಥಾನಕ್ಕೆ ತನ್ನಿ: 0001, 0002. ಮೂರು ಸ್ಥಾನ ಸಾಕು ಅನ್ನೋರು ಸಾವಿರ ಫ್ರೇಮ್ ದಾಟಿದ ದಿನ ಮತ್ತೆ ಇಲ್ಲೇ ಬಂದು ಕೇಳ್ತಾರೆ. ಆದರೆ ಓಎಂಇ-ಟಿಫ್ (ಚಿತ್ರದ ವಿವರವನ್ನ, ಅಂದರೆ ಮೆಟಾಡೇಟಾವನ್ನ, ಒಳಗೇ ಇಟ್ಟುಕೊಂಡ ಟಿಫ್) ಆಗಿದ್ದರೆ ಹೆಸರು ಮುಟ್ಟಲೇಬೇಡಿ. ಒಳಗಿನ ಮೆಟಾಡೇಟಾದಲ್ಲಿ ಜೊತೆ ಫೈಲುಗಳ ಹೆಸರು ಬರೆದಿರುತ್ತೆ, ಬದಲಿಸಿದರೆ ಕೊಂಡಿ ಕಳಚುತ್ತೆ. ಅಂಥವನ್ನು ಫಿಜಿಯ ಬಯೋ-ಫಾರ್ಮ್ಯಾಟ್ಸ್ ಪ್ಲಗಿನ್‌ನಲ್ಲಿ ಒಂದು ಫೈಲ್ ತೆರೆದರೆ ಸಾಕು, ಇಡೀ ಗುಂಪು ಬರುತ್ತೆ.

ತೆರೆದಮೇಲೆ ಪರೀಕ್ಷೆ ಕಡ್ಡಾಯ. ಚಿತ್ರದ ಮೇಲ್ಪಟ್ಟಿಯಲ್ಲಿ ಸ್ಲೈಸ್ (ಸ್ಟ್ಯಾಕಿನ ಒಂದು ಫ್ರೇಮ್) ಸಂಖ್ಯೆಯ ಪಕ್ಕ ಫೈಲ್ ಹೆಸರು ಕಾಣುತ್ತಲ್ಲ, ಅದನ್ನ 9ರಿಂದ 10ಕ್ಕೆ, 99ರಿಂದ 100ಕ್ಕೆ ಹೋಗೋ ಜಾಗದಲ್ಲಿ ಮತ್ತು ಕೊನೆಯಲ್ಲಿ ಓದಿ. ಕೊನೆ ಸ್ಲೈಸ್ 238, ಫೈಲ್ ಹೆಸರು 240 ಅಂತ ಬಂದರೆ ನಡುವೆ ಎರಡು ಫೈಲು ಎಗರಿಹೋಗಿವೆ. ಆಗ ಸ್ಲೈಸ್ ಸಂಖ್ಯೆಯನ್ನು ಫ್ರೇಮ್ ಅಂತರದಿಂದ ಗುಣಿಸಿದರೆ ಸಮಯ ತಪ್ಪುತ್ತೆ. ಸೆಟ್ ಮೆಷರ್‌ಮೆಂಟ್ಸ್‌ನಲ್ಲಿ ಡಿಸ್‌ಪ್ಲೇ ಲೇಬಲ್ ಟಿಕ್ ಮಾಡಿ, ರಿಸಲ್ಟ್ ಪಟ್ಟಿಯ ಲೇಬಲ್ಲಿಂದ ಫೈಲ್ ಅಂಕಿ ತೆಗೆದು ಅದನ್ನೇ ಗುಣಿಸಿ. ಇದೊಂದು ಅಭ್ಯಾಸ ಇದ್ದರೆ ಫ್ರೇಮ್ ಬಿಟ್ಟುಹೋದರೂ, ಸ್ಟೆಪ್ 2 ಕೊಟ್ಟು (ಒಂದು ಬಿಟ್ಟು ಒಂದು ಫೈಲ್) ತೆರೆದರೂ, ಕ್ರಮ ಕಲಸಿದರೂ ಸಮಯದ ಅಕ್ಷ ಸರಿಯಾಗೇ ಇರುತ್ತೆ.

ಎರಡು ಚಾನೆಲ್ (ಒಂದೇ ದೃಶ್ಯದ ಎರಡು ಬಣ್ಣದ ಚಿತ್ರ) ಅಂದಿದ್ದೀರಿ. ಹಾಗಾದರೆ ಹೈಪರ್‌ಸ್ಟ್ಯಾಕ್ (ಚಾನೆಲ್, ಝಡ್, ಸಮಯ ಬೇರೆಬೇರೆ ಮಾಡಿದ ಸ್ಟ್ಯಾಕ್) ಮಾಡುವಾಗ ಚಾನೆಲ್, ಝಡ್, ಸಮಯ, ಅಂದರೆ 2×1×120 ಗುಣಿಸಿ 240 ಸಿಗಬೇಕು. ಗುಣಲಬ್ಧ ಸರಿ ಇದ್ದರೂ ಕ್ರಮ ತಪ್ಪಿರಬಹುದು, ಅಲ್ಲಿ ತಪ್ಪಿದ್ದು ತಂತ್ರಾಂಶಕ್ಕೆ ತಿಳಿಯಲ್ಲ. ಹೆಸರಲ್ಲಿ ಚಾನೆಲ್ ಮೊದಲು ಬಂದು, ಒಂದು ಚಾನೆಲಿನ ಎಲ್ಲ ಸಮಯ ಮುಗಿದಮೇಲೆ ಇನ್ನೊಂದು ಶುರುವಾಗೋ ಹಾಗಿದ್ದರೆ ಡೀಫಾಲ್ಟ್ ಕ್ರಮ ನಡೆಯಲ್ಲ, ಎಕ್ಸ್‌ವೈಟಿಸಿಝಡ್ (ಮೊದಲು ಸಮಯ ಟಿ, ಆಮೇಲೆ ಚಾನೆಲ್ ಸಿ) ಆರಿಸಿ. ತಲೆನೋವೇ ಬೇಡ ಅಂದರೆ ಇಂಪೋರ್ಟ್ ಡೈಲಾಗಿನ ಫಿಲ್ಟರ್ ಜಾಗದಲ್ಲಿ ಚಾನೆಲ್ ಗುರುತು ಬರೆದು ಒಂದೊಂದೇ ತೆರೆದು ಮರ್ಜ್ ಮಾಡಿ.

ವರ್ಚುವಲ್ ಸ್ಟ್ಯಾಕ್ (ರ‍್ಯಾಮಿಗೆ ತರದೆ ಡಿಸ್ಕಿಂದ ಒಂದೊಂದೇ ಫ್ರೇಮ್ ಓದೋದು) ನೋಡೋಕೆ ಮಾತ್ರ. ಅದರಲ್ಲಿ ಒಂದು ಸ್ಲೈಸ್ ತಿದ್ದಿ ಪಕ್ಕಕ್ಕೆ ಹೋಗಿ ವಾಪಸ್ ಬಂದರೆ ತಿದ್ದಿದ್ದು ಮಾಯ. ಕೆಲಸದ ಜಾಗಕ್ಕೆ ಚೌಕ ಹಾಕಿ ಡೂಪ್ಲಿಕೇಟ್ ಸ್ಟ್ಯಾಕ್ ಕೊಟ್ಟರೆ ಅಷ್ಟು ಭಾಗ ಮಾತ್ರ ರ‍್ಯಾಮಿಗೆ ಬರುತ್ತೆ.

ಜೆಪೆಗ್ ಫ್ರೇಮ್‌ಗಳಲ್ಲಿ ಇಂಟೆನ್ಸಿಟಿ ಅಳೆಯೋರಿಗೆ ಏನು ಹೇಳೋದೋ ಗೊತ್ತಿಲ್ಲ. ಕ್ಯಾಮೆರಾ ತಂತ್ರಾಂಶದಿಂದ ಸ್ಕೇಲ್ ಬಾರ್ ಅಚ್ಚೊತ್ತಿದ ಆರ್‌ಜಿಬಿ ತೆಗೆಯೋರೂ ಅಷ್ಟೇ, ಅದು ಪರದೆಯ ಫೋಟೋ, ದತ್ತಾಂಶ ಅಲ್ಲ. ಇನ್ನು ಸೆಲ್‌ಪ್ರೊಫೈಲರಿಗೆ (ಕೋಶದ ಚಿತ್ರ ಅಳೆಯೋ ಇನ್ನೊಂದು ತಂತ್ರಾಂಶ) ಹೋಗೋ ಯೋಚನೆ ಇದ್ದರೆ ನೇಮ್ಸ್ ಅಂಡ್ ಟೈಪ್ಸ್‌ನಲ್ಲಿ ಚಾನೆಲ್‌ಗಳ ಫೈಲು ಜೋಡಿಸೋದನ್ನ ಆರ್ಡರ್ ಬದಲು ಮೆಟಾಡೇಟಾಕ್ಕೆ ಇಡಿ. ಆರ್ಡರ್‌ನಲ್ಲಿ ಒಂದು ಫೈಲ್ ಕಮ್ಮಿ ಆದರೆ ಅಲ್ಲಿಂದ ಮುಂದೆ ಎಲ್ಲ ಜೋಡಿಯೂ ಒಂದು ಮನೆ ಸರಿದುಹೋಗುತ್ತೆ.

ಈಗ 16-ಬಿಟ್‌ನಲ್ಲೇ, ಸಾರ್ಟ್ ಹಾಕಿ, ಮತ್ತೆ ತೆರೆಯಿರಿ. 2ನೇ, 3ನೇ ಮತ್ತು ಕೊನೆ ಸ್ಲೈಸಿನ ಲೇಬಲ್ ಏನು ಬಂತು ಅಂತ ಇಲ್ಲೇ ಹಾಕಿ, ಗರಗಸದ ಹಲ್ಲು ಇನ್ನೂ ಉಳಿದಿದ್ದರೆ ಸೂಕ್ಷ್ಮದರ್ಶಕದ ಲ್ಯಾಂಪಿನ ಕಡೆ ನೋಡೋಣ.