ಬೆಲೆ ಹೇಳಲು ನಾಚುವ ಕಲಾವಿದೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದೆ.)

ಹಿನ್ನೆಲೆ: ಮೂವತ್ತೈದರ ಆಸುಪಾಸಿನ ಕಲಾವಿದೆ. ತವರು ಮಲೆನಾಡು, ಈಗ ಮೈಸೂರಿನಲ್ಲಿ ವಾಸ. ಪ್ರಿಂಟ್‌ಮೇಕಿಂಗ್‌ನಲ್ಲಿ (ಅಚ್ಚು ಮಾಡಿ ಚಿತ್ರ ಮುದ್ರಿಸುವ ಕಲೆ) ಸ್ನಾತಕೋತ್ತರ ಪದವಿ. ಶಾಲೆಗಳಲ್ಲಿ ಸಹಜ ಬಣ್ಣದ (ಹೂವು, ಕಾಯಿಗಳಿಂದ ಬಟ್ಟೆಗೆ ಬಣ್ಣ ಹಾಕುವ) ಒಂದು ದಿನದ ಶಿಬಿರ, ಕಂಪನಿಗಳಿಗೆ ಪರಿಸರ ದಿನದ ಗೋಡೆಚಿತ್ರ, ಬಿಡುವಾದರೆ ಸ್ವಂತ ಚಿತ್ರ. ಖಾಸಗಿ ಶಾಲೆಯೊಂದು ಪೂರ್ಣಾವಧಿ ಚಿತ್ರಕಲಾ ಶಿಕ್ಷಕಿಯ ಕೆಲಸ ಕೊಡುತ್ತೇನೆಂದಿತ್ತು. ಸೇರಬೇಕೋ, ಸ್ವಂತ ಟ್ರಸ್ಟ್ ಮಾಡಬೇಕೋ, ಇದನ್ನೆಲ್ಲ ಬಿಟ್ಟುಬಿಡಬೇಕೋ ಎಂದು ಕೇಳಲು ಬಂದಿದ್ದರು.

ಮೊದಲ ಭೇಟಿಯಲ್ಲಿ ಅವರ ಮಾತು ಹೆಚ್ಚಾಗಿ ಅಪರಾಧಿ ಭಾವದ ಸುತ್ತಲೇ ಇತ್ತು. ಶಿಬಿರಕ್ಕೆ ಪ್ಲಾಸ್ಟಿಕ್ ಬಕೆಟ್ ಒಯ್ದದ್ದು, ಬಣ್ಣ ಕುದಿಸಲು ಗ್ಯಾಸ್ ಉರಿಸಿದ್ದು, ಸಿಮೆಂಟ್ ಕಂಪನಿಯ ಹಣದಲ್ಲಿ ಕೆರೆಯ ಚಿತ್ರ ಬರೆದದ್ದು. "ಪರಿಸರದ ಕೆಲಸಕ್ಕೆ ದುಡ್ಡು ಕೇಳಿದ್ರೆ ನನ್ನ ಮಾತಿಗೇ ತೂಕ ಇರಲ್ಲ ಮೇಡಂ" ಎಂದರು. ರಾತ್ರಿ ನಿದ್ದೆ ಕಡಿಮೆಯಾಗಿತ್ತು. ವೃತ್ತಿಯ ಪ್ರಶ್ನೆಗೆ ಇಳಿಯುವ ಮುನ್ನ ಖಿನ್ನತೆಯ ಲಕ್ಷಣಗಳನ್ನು ನೋಡಿಕೊಳ್ಳಲೇಬೇಕು: ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದೆಯೇ, ಇಷ್ಟದ ಕೆಲಸದಲ್ಲೂ ಆಸಕ್ತಿ ಹೋಗಿದೆಯೇ, ಹಸಿವು ಹೇಗಿದೆ, ಬದುಕು ಬೇಡ ಎಂಬ ಯೋಚನೆ ಬಂದಿದೆಯೇ. ಆ ಮಟ್ಟ ಕಾಣಲಿಲ್ಲ. ಆದರೂ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಹೇಳಿ, ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಬರೆದುಕೊಟ್ಟಿದ್ದೆವು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಎರಡನೆಯ ಭೇಟಿಯಲ್ಲಿ ಒಂದು ಶಿಬಿರದ ಲೆಕ್ಕ ಹಾಕಿಸಿದೆವು. ನಲವತ್ತು ಮಕ್ಕಳಿಗೆ ಕರವಸ್ತ್ರದಗಲದ ತುಂಡುಗಳೆಂದರೆ ಸುಮಾರು ಅರ್ಧ ಕಿಲೋ ಹತ್ತಿಬಟ್ಟೆ. ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ ಗಂಜಿ, ಎಣ್ಣೆಯಂಶ ತೆಗೆಯಬೇಕು. ಈ ಹಂತ ತಪ್ಪಿದರೆ ಬಣ್ಣ ತೇಪೆತೇಪೆಯಾಗಿ ಕೂರುತ್ತದೆ. ಆಮೇಲೆ ಬಟ್ಟೆ ಬಣ್ಣ ಹಿಡಿಯಲೆಂದು, ಒಗರಿನ ಅಂಶವಿರುವ ಅಳಲೆಕಾಯಿಯ 100 ಗ್ರಾಂ ಪುಡಿ ಹಾಕಿದ ನೀರಲ್ಲಿ ರಾತ್ರಿಯಿಡೀ ನೆನೆಸಿ, ತೊಳೆಯದೆ ಹಿಂಡಿ ಒಣಗಿಸಬೇಕು. ಮರುದಿನ 75 ಗ್ರಾಂ ಪಟಿಕ ಕರಗಿಸಿದ ನೀರಲ್ಲಿ ಅದ್ದಿ ಮತ್ತೆ ಒಣಗಿಸಬೇಕು. ಇಷ್ಟಾದ ಮೇಲೆ ಚೆಂಡುಹೂವಿನ ನೀರು ಮಕ್ಕಳ ಕಣ್ಣೆದುರು ಹಳದಿ ಕೊಡುತ್ತದೆ. ಅಳಲೆಕಾಯಿ, ಪಟಿಕಕ್ಕೆ ಹಣ ಅಷ್ಟೇನೂ ಬೇಡ, ದಿನಗಳು ಬೇಕು. ತಯಾರಿಗೆ ಎರಡು ದಿನ, ಶಿಬಿರ ಒಂದು, ಪಾತ್ರೆ ತೊಳೆದು ಸಾಮಾನು ಸಾಗಿಸಿ ಬರಲು ಇನ್ನೊಂದು.

ಅವರು ತೆಗೆದುಕೊಳ್ಳುತ್ತಿದ್ದುದು ಎಲ್ಲ ಸೇರಿ 6,000 ರೂಪಾಯಿ. ಬಟ್ಟೆ, ಹೂವು, ಗ್ಯಾಸ್‌ಗೆ 1,800, ಓಡಾಟಕ್ಕೆ 600 ಕಳೆದರೆ ಉಳಿಯುವುದು 3,600. ನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ 900. ಶಿಬಿರದ ದಿನವನ್ನಷ್ಟೇ ಎಣಿಸುತ್ತಿದ್ದ ಅವರಿಗೆ ಈ ಅಂಕಿ ಹೊಸದು. ಸುಮ್ಮನೆ ಕೂತರು, ಆಮೇಲೆ ಅತ್ತರು. ಗಂಡನ ಸಂಬಳದಲ್ಲಿ ಶಾಲೆಗಳಿಗೆ ಸಹಾಯಧನ ಕೊಡುತ್ತಿದ್ದೇನೆ ಎಂಬುದನ್ನು ಅವರೇ ಬಾಯಿಬಿಟ್ಟು ಹೇಳಿದರು.

ಇಲ್ಲಿಂದ ನಾವು ಕೊಟ್ಟ ಸಲಹೆ.

ದರ: ದಿನಕ್ಕೆ 2,500ರಂತೆ ನಾಲ್ಕು ದಿನ, ಸಾಮಗ್ರಿ, ಪ್ರಯಾಣ ಬೇರೆ. ಒಟ್ಟು 12,400. ಫೋನಿನಲ್ಲಿ ಹೇಳುವಾಗ ಗಂಟಲು ಕಟ್ಟುತ್ತದೆಂದರು, ಹಾಗಾಗಿ ಹೇಳುವುದು ಬೇಡ, ಒಂದು ಪುಟದ ದರಪಟ್ಟಿ ಕಳಿಸಿದರಾಯಿತು ಎಂದೆವು. ಸರ್ಕಾರಿ ಶಾಲೆಗೆ ಉಚಿತವಾಗಿ ಮಾಡಬೇಕೆನಿಸಿದರೆ ವರ್ಷಕ್ಕೆ ಎರಡೇ. ಅಲ್ಲಿಗೂ ಪೂರ್ತಿ ಮೊತ್ತದ ಬಿಲ್ ಬರೆದು, ಕೆಳಗೆ ರಿಯಾಯಿತಿ ತೋರಿಸಬೇಕು. ಕೆಲಸದ ನಿಜವಾದ ಬೆಲೆ ಶಾಲೆಗೂ ತಿಳಿದಿರುತ್ತದೆ. ಕಂಪನಿಗಳು ಸಂಭಾವನೆಯಲ್ಲಿ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತವೆ. ಈಕೆ ರಿಟರ್ನ್ಸ್ ಸಲ್ಲಿಸದೆ ಅದನ್ನೂ ಬಿಟ್ಟುಕೊಟ್ಟಿದ್ದರು.

ಒಂದು ದಿನದ ಶಿಬಿರವನ್ನೇ ಕಡಿಮೆ ಮಾಡಿ ಎಂದೂ ಒತ್ತಿ ಹೇಳಿದೆವು. ಒಂದೇ ದಿನದಲ್ಲಿ ಫಲ ಕಾಣಲಿ ಎಂಬ ಅವಸರದಿಂದಲೇ ಶಾಲೆಗಳು ಬೀಟ್‌ರೂಟ್ ಬಣ್ಣ ಕೇಳುತ್ತವೆ. ಅದು ಬಟ್ಟೆಗೆ ಅಂಟಿಕೊಳ್ಳುವ ಬಣ್ಣವಲ್ಲ, ಒಗೆದರೆ ಹೋಗುತ್ತದೆ. ಅರಿಶಿನ ಬಿಸಿಲಿಗೆ ಮಾಸುತ್ತದೆ. ಸಹಜ ಬಣ್ಣವೆಂದರೆ ಬಾಳಿಕೆ ಬರುವುದಿಲ್ಲ ಎಂದೇ ಮಗು ಕಲಿಯುತ್ತದೆ. ಈಕೆಯ ಮನಸ್ಸನ್ನು ನಿಜಕ್ಕೂ ಕೊರೆಯುತ್ತಿದ್ದುದು ಬಕೆಟ್ ಅಲ್ಲ, ಈ ಅರೆಬರೆ ಪಾಠ ಎಂದು ನಮಗೆ ತೋರಿತು. ವಾರಕ್ಕೊಂದರಂತೆ ನಾಲ್ಕು ತರಗತಿ ಮಾಡಿದರೆ ಗಂಜಿ ತೆಗೆಯುವುದು, ಅಳಲೆ, ಪಟಿಕ, ಬಣ್ಣ ಎಲ್ಲವನ್ನೂ ಮಕ್ಕಳೇ ಮಾಡುತ್ತಾರೆ. ತಯಾರಿಯ ಹೊರೆಯೂ ಅರ್ಧಕ್ಕಿಳಿಯುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಆರರಿಂದ ಎಂಟನೇ ತರಗತಿಯವರಿಗೆ ಕೈಕಸುಬು ಕಲಿಯಲು ಹತ್ತು ದಿನಗಳ ಬ್ಯಾಗ್‌ರಹಿತ ಅವಧಿಯನ್ನು ಹೇಳುತ್ತದೆ. ಸಿಬಿಎಸ್‌ಇ ಶಾಲೆಗಳ ಮುಖ್ಯಸ್ಥರೊಡನೆ ಮಾತು ಶುರುಮಾಡಲು ಅದು ಒಳ್ಳೆಯ ದಾರಿ.

ಟ್ರಸ್ಟ್ ಈಗ ಬೇಡ. ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಹಣ) ಸಿಗುತ್ತದೆಂದು ಅನೇಕ ಕಲಾವಿದರು ಟ್ರಸ್ಟ್ ನೋಂದಾಯಿಸುತ್ತಾರೆ. ಆದರೆ ಸಿಎಸ್‌ಆರ್ ಕೆಲಸ ನಡೆಸುವ ಹೊರಗಿನ ಸಂಸ್ಥೆಗೆ ಅಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕೆಂದು ನಿಯಮವಿದೆ. ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ, ಲೆಕ್ಕಪರಿಶೋಧನೆ ಬೇರೆ. ಈಗಾಗಲೇ ಇರುವ ಸಂಸ್ಥೆಯೊಂದರ ಅಡಿಯಲ್ಲಿ ಲಿಖಿತ ಒಪ್ಪಂದದೊಂದಿಗೆ ಕೆಲಸ ಮಾಡುವುದು ಸದ್ಯಕ್ಕೆ ಲೇಸು. ಕಂಪನಿಗಳ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಜನವರಿಯ ನಂತರ ಕರೆಗಳು ಒಮ್ಮೆಗೇ ಬರುತ್ತವೆ. ಪ್ರಸ್ತಾವ ಆಗಸ್ಟ್–ಸೆಪ್ಟೆಂಬರ್‌ನಲ್ಲೇ ಹೋಗಿರಬೇಕು. ಯಾರ ಹಣ ಒಲ್ಲೆ ಎಂಬುದನ್ನು ಒಂದು ಸಲ ಕೂತು ಬರೆದಿಟ್ಟುಕೊಳ್ಳಬೇಕು. ಪ್ರತಿ ಕರೆಗೂ ಹೊಸದಾಗಿ ಮನಸ್ಸನ್ನು ಹಿಂಡಿಕೊಂಡರೆ ಆ ದಣಿವೇ ಸಾಕು.

ಗೋಡೆಚಿತ್ರದ ವಿಷಯದಲ್ಲಿ ಅವರಿಗೆ ನೋವಾಗಿತ್ತು: ಒಂದು ಕಂಪನಿ ಹೇಳದೆ ಕೇಳದೆ ಅವರ ಚಿತ್ರವನ್ನು ಕ್ಯಾಲೆಂಡರಿಗೆ ಹಾಕಿಕೊಂಡಿತ್ತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ಚಿತ್ರದ ಮೊದಲ ಹಕ್ಕುದಾರರು ಬರೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಆ "ಬೇರೆ ಒಪ್ಪಂದ" ಇರಲೇಬೇಕು: ಹಕ್ಕು ಕಲಾವಿದೆಯದು, ಆ ಗೋಡೆಯಾಚೆಗಿನ ಬಳಕೆಗೆ ಪ್ರತ್ಯೇಕ ಸಂಭಾವನೆ, ಅಳಿಸುವ ಮುನ್ನ ತಿಂಗಳ ಮೊದಲೇ ತಿಳಿಸಬೇಕು. ಕೃತಿಗೆ ಧಕ್ಕೆಯಾದಾಗ ಪ್ರಶ್ನಿಸಲು 57ನೇ ಸೆಕ್ಷನ್ ಇದೆ. ವಿಜ್ಞಾನ ಭವನದ ಭಿತ್ತಿಶಿಲ್ಪದ ವಿಷಯದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅದನ್ನೇ ಹಿಡಿದು 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದರು.

ಸ್ವಂತ ಕಲೆಯ ಮಾತು ಕೊನೆಗೆ ಬಂದರೂ ಹೆಚ್ಚು ಹೊತ್ತು ಕೂತದ್ದು ಅದರ ಮೇಲೇ. ನ್ಯೂಯಾರ್ಕಿನ ಮಿಯರ್ಲ್ ಲ್ಯಾಡರ್‌ಮನ್ ಯೂಕಲಿಸ್ 1977ರಿಂದ ಆ ನಗರದ ಸ್ವಚ್ಛತಾ ಇಲಾಖೆಯ ಕಲಾವಿದೆ. 1979–80ರಲ್ಲಿ ಅಲ್ಲಿನ ಸುಮಾರು 8,500 ಕಾರ್ಮಿಕರ ಕೈಕುಲುಕಿ, ನಗರವನ್ನು ಉಳಿಸಿದ್ದಕ್ಕೆ ವಂದನೆ ಹೇಳಿದರು. ಆದರೆ ಆ ಹುದ್ದೆಗೆ ಸಂಬಳವಿಲ್ಲ. ಒಂದೇ ಜಾಗದಲ್ಲಿ ನೆಲೆನಿಂತದ್ದನ್ನು ಅವರಿಂದ ಕಲಿಯಿರಿ, ಸಂಬಳವಿಲ್ಲದ್ದನ್ನು ಆದರ್ಶ ಮಾಡಿಕೊಳ್ಳಬೇಡಿ ಎಂದೆವು.

ಈಕೆಯ ಜಾಗ ತವರಿನಲ್ಲೇ ಇತ್ತು. ವಸ್ತುವೂ ಅಲ್ಲಿಯದೇ: ಅಡಿಕೆ ಬೇಯಿಸಿ ಉಳಿಯುವ ನೀರು, ಅಂದರೆ ಚೊಗರು. ಹೆಗ್ಗೋಡಿನ ಚರಕ ಸಂಸ್ಥೆ ಅದರಲ್ಲಿ ಬಟ್ಟೆಗೆ ಬಣ್ಣ ಹಾಕುತ್ತ ಬಂದಿದೆ. ಈಕೆ ಅದನ್ನು ಕಾಗದದ ಮೇಲೆ, ಮರದಚ್ಚಿನ ಮುದ್ರಣಕ್ಕೆ ಒಗ್ಗಿಸಬಹುದು. ಚೊಗರಿನಲ್ಲೇ ಒಗರಿನ ಅಂಶ ಇರುವುದರಿಂದ ಅಳಲೆ ಬೇಡ. ಪಟಿಕಕ್ಕೆ ಕೆಂಗಂದು, ಕಬ್ಬಿಣದ ನೀರಿಗೆ ಬೂದುಗಪ್ಪು. ಕಬ್ಬಿಣ ಹೆಚ್ಚಾದರೆ ಕಾಗದ ವರ್ಷಗಳಲ್ಲಿ ಪುಡಿಯಾಗುತ್ತದೆ, ಅದಕ್ಕೇ ಪ್ರತಿ ಪ್ರಮಾಣವನ್ನೂ ತುಂಡಿನ ಹಿಂದೆ ಬರೆದಿಡಬೇಕು. ತೆಳು ಚೊಗರಿಗೆ ಬೂಸ್ಟು ಬರುತ್ತದೆ, ಗಟ್ಟಿಯಾಗಿ ಕಾಯಿಸಿಟ್ಟುಕೊಂಡರೆ ಸುಗ್ಗಿ ಮುಗಿದ ಮೇಲೂ ಕೆಲಸ ಸಾಗುತ್ತದೆ. ಮೂರು ವರ್ಷ ಇದೊಂದೇ ವಸ್ತು, ಇದೊಂದೇ ಊರು. ಅಲ್ಲಿನ ಸರ್ಕಾರಿ ಶಾಲೆ ಜೊತೆಗೂಡಿದರೆ, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕರ್ನಾಟಕದ ಸರ್ಕಾರಿ ಶಾಲೆಗಳಿಗಾಗಿ ನಡೆಸುವ "ಕಲಿ-ಕಲಿಸು" ಅನುದಾನಕ್ಕೆ ಪ್ರಸ್ತಾವ ಬರೆಯಬಹುದು. ಇಂಥ ಅರ್ಜಿಗಳು ತಿರಸ್ಕೃತವಾಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಭೂಮಿ ಬಿಸಿಯಾಗುತ್ತಿರುವುದನ್ನು ಮೂರು ಪುಟ ಬರೆದು, ಜೂನ್ ತಿಂಗಳಲ್ಲಿ ಮಕ್ಕಳು ಏನು ಮಾಡುತ್ತಾರೆಂದು ಬರೆಯದಿರುವುದು, ಮತ್ತು ಬಜೆಟ್ಟಿನಲ್ಲಿ ತಮ್ಮ ಗೌರವಧನವನ್ನೇ ಮರೆಯುವುದು.

ಪೂರ್ಣಾವಧಿ ಕೆಲಸದ ಬಗ್ಗೆ: ವಾರಕ್ಕೆ ಮೂರು ದಿನದ ನೇಮಕ ಕೇಳಿ ನೋಡಲು ಹೇಳಿದೆವು. ಶಾಲೆ ಒಪ್ಪಿತು, ಸಂಬಳ ಅರ್ಧಕ್ಕಿಂತ ತುಸು ಹೆಚ್ಚು. ಹೊಸ ದರಪಟ್ಟಿ ನೋಡಿ ಎರಡು ಹಳೆಯ ಶಾಲೆಗಳು ದೂರವಾಗಿವೆ, ಒಂದು ನಾಲ್ಕು ವಾರದ ತರಗತಿಗೆ ಒಪ್ಪಿದೆ. ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ. ಸಿಮೆಂಟ್ ಕಂಪನಿಯ ಹಣದ ಪ್ರಶ್ನೆ ಅವರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ, ಮುಂದಿನ ಭೇಟಿಯನ್ನು ಅದಕ್ಕೇ ಇಟ್ಟುಕೊಂಡಿದ್ದೇವೆ.